ಮೂಟೆ ಇಳಿಸಿದ ಸೊಸೆ

"ಅಕ್ಕಾ, ಬಿಸಾಕಿ! ಎತ್ತಿ ಬಿಸಾಕಿ!" ನಮ್ಮ ಜಿಮ್‌ನ ಕೋಚ್ ಕಿರುಚುತ್ತಿದ್ದ. ಮಡಿಕೇರಿಯಲ್ಲಿ ನಡೆದ ಫಿಟ್‌ನೆಸ್ ಸ್ಪರ್ಧೆಯ ಕೊನೆಯ ಸುತ್ತು ಅದು. ಹಗ್ಗ ಜಿಗಿದು, ಪೆಟ್ಟಿಗೆ ಹತ್ತಿಳಿದು, ಮರಳಿನ ಮೂಟೆ ಹೊತ್ತು ಓಡಿ ಬಂದಿದ್ದೆ. ನಲವತ್ತು ದಾಟಿದ ನಾನೇ ಎಲ್ಲರಿಗಿಂತ ಮುಂದೆ! ಉಸಿರು ಹತೋಟಿಯಲ್ಲಿತ್ತು, ಕೈಯ ಹಿಡಿತವೂ ಸಡಿಲವಾಗಿರಲಿಲ್ಲ. ಮೂಟೆಯನ್ನು ಗೆರೆಯಾಚೆ ಹಾಕಿ ಗಂಟೆ ಬಾರಿಸಿದರೆ ಮೊದಲ ಬಹುಮಾನ ನನ್ನದೇ.

ಆದರೆ ನನ್ನ ಮೈಗೆ ರೂಢಿಯಾದದ್ದು ನಮ್ಮ ತೋಟದ ಕಾಫಿ ಹಣ್ಣಿನ ಮೂಟೆ. ಕುಕ್ಕಿದರೆ ಹಣ್ಣು ಒಡೆಯುತ್ತದೆಂದು ಮದುವೆಯಾಗಿ ಬಂದ ವರ್ಷವೇ ಅತ್ತೆ ಗದರಿದ್ದರು. ಮಂಡಿ ಬಗ್ಗಿಸಿ, ಮಗುವನ್ನು ಮಲಗಿಸುವಂತೆ ಮೂಟೆಯನ್ನು ಮೆಲ್ಲಗೆ ಇಳಿಸಿದೆ. ಅಷ್ಟರಲ್ಲಿ ಪಕ್ಕದ ಹುಡುಗಿ ತನ್ನದನ್ನು ಧೊಪ್ಪೆಂದು ಎಸೆದು ಗಂಟೆ ಬಾರಿಸಿಬಿಟ್ಟಳು!

ಕೋಚ್ ತಲೆಯ ಮೇಲೆ ಕೈಹೊತ್ತು ಕುಳಿತ. ನೋಡಲು ಬಂದಿದ್ದ ಅತ್ತೆ ಮಾತ್ರ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಲಾಯ್ಕ ಇಳ್ಸಿದೆ ಮಗಾ! ಒಂದು ಹಣ್ಣೂ ಒಡ್ದಿರ್ಲಿಕ್ಕಿಲ್ಲ!"

ಈಗ ಕೋಚ್ ನನಗೆ ದಿನವೂ ಮೂಟೆ ಎಸೆಯುವುದನ್ನು ಕಲಿಸುತ್ತಿದ್ದಾನೆ. ನಾನೋ, ಎಸೆಯುವ ಮುನ್ನ ಅತ್ತೆ ಅಕ್ಕಪಕ್ಕದಲ್ಲೆಲ್ಲೂ ಇಲ್ಲ ತಾನೇ ಎಂದು ಒಮ್ಮೆ ತಿರುಗಿ ನೋಡುತ್ತೇನೆ.