ಅರ್ಧಕ್ಕೆ ನಿಂತ ನೀಲಿ ಪಟ್ಟಿ

ಇದನ್ನು ಬರೆಯಲು ಕುಳಿತು ಎಷ್ಟೋ ಸಲ ಎದ್ದು ಹೋಗಿದ್ದೇನೆ. ಚಹಾ ಆಗಲಿ, ಬಿಸಿಲು ಇಳಿಯಲಿ, ದೀಪಾವಳಿ ಮುಗಿಯಲಿ ಎನ್ನುತ್ತಲೇ ವರ್ಷಗಳು ಕಳೆದವು.

2016ರಲ್ಲಿ ನಾನು ಸೊಲ್ಲಾಪುರದ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಂಪನಿಯಲ್ಲಿ ಲ್ಯಾಬ್ ಸಹಾಯಕನಾಗಿದ್ದೆ. ಓದಿದ್ದು ಮೆಟ್ರಿಕ್ ಮಾತ್ರ. ಆಡು, ಕುರಿಗಳ ಶ್ವಾಸಕೋಶದ ರೋಗ ಪತ್ತೆ ಮಾಡುವ ಕಿಟ್ ತಯಾರಿಸಬೇಕೆಂದು ನಮ್ಮ ಸಾಹೇಬರ ಆಸೆ. ಆ ರೋಗ ತರುವ ಮೈಕೊಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸುವುದು ಕಷ್ಟ. ಹಾಗಾಗಿ ಅದರ ಒಂದು ಜೀನನ್ನು ಇ. ಕೋಲಿ ಎಂಬ ಸುಲಭವಾಗಿ ಬೆಳೆಯುವ ಬ್ಯಾಕ್ಟೀರಿಯಾದೊಳಗೆ ಸೇರಿಸಿ, ಬೇಕಾದ ಪ್ರೋಟೀನನ್ನು ಅದರಿಂದ ಮಾಡಿಸಿಕೊಳ್ಳುವ ಉಪಾಯ.

ಆ ಕೆಲಸಕ್ಕೆ ಅಕ್ಕಲಕೋಟ ಕಡೆಯ ಒಬ್ಬ ಹುಡುಗಿ ಬಂದಳು. ಕುರಿ ಸಾಕುವವರ ಮನೆಯವಳು, ಎಂ.ಎಸ್ಸಿ. ಮಾಡಿದ್ದಳು. ಪ್ರೋಟೀನ್ ಸರಿಯಾಗಿ ಬಂದರೆ ನೌಕರಿ ಕಾಯಂ ಎಂದು ಸಾಹೇಬರು ಹೇಳಿದ್ದರು.

"ಕುರಿ ಕೆಮ್ಮಿದ್ರ ನಮ್ಮಪ್ಪ ಬೀರೋಬಾ ದೇವರ ಅರಿಷಿಣ ಭಂಡಾರ ಹಚ್ಚತಾನ್ರಿ ಕಾಕಾ. ಹಚ್ಚಲಿ. ಜೋಡಿಗಿ ನಮ್ಮ ಕಿಟ್ಟೂ ಇರಲಿ" ಎಂದು ನಗುತ್ತಿದ್ದಳು.

ಪ್ರೋಟೀನ್ ಎಷ್ಟು ಉದ್ದ ಬಂದಿದೆ ಎಂದು ನೋಡಲು ಅದನ್ನು ಜೆಲ್ ಎಂಬ ತೆಳು ಪದರದಲ್ಲಿ ವಿದ್ಯುತ್ ಹಾಯಿಸಿ ಓಡಿಸುತ್ತಾರೆ. ದೊಡ್ಡದು ಮೇಲೆಯೇ ಉಳಿಯುತ್ತದೆ, ಚಿಕ್ಕದು ಕೆಳಗೆ ಇಳಿಯುತ್ತದೆ. ಬಣ್ಣ ಹಾಕಿ ತಟ್ಟೆಯಲ್ಲಿ ತೊಳೆಯುತ್ತ ಹೋದರೆ, ಮಂಜಿನೊಳಗಿಂದ ದೂರದ ಊರು ಕಾಣಿಸಿಕೊಂಡಂತೆ ನೀಲಿ ಪಟ್ಟಿಗಳು ಮೆಲ್ಲಗೆ ಮೂಡುತ್ತವೆ. ನಾನು ಆ ತಟ್ಟೆಯನ್ನು ಅಲುಗಿಸುತ್ತ ಮೈಮರೆತು ನಿಲ್ಲುತ್ತಿದ್ದೆ.

ಆಕೆಯ ಪ್ರೋಟೀನಿನ ಪಟ್ಟಿ ಇರಬೇಕಾದ ಜಾಗಕ್ಕಿಂತ ಬಹಳ ಕೆಳಗೆ ಮೂಡಿತು. ಪ್ರೋಟೀನ್ ಮೊಟಕಾಗಿತ್ತು.

"ಅರ್ಧಕ್ಕ ನಿಂತೈತ್ರಿ ಕಾಕಾ, ನಿಮ್ಮ ಸ್ಕೂಟರಿನಂಗ."

"ನನ್ನ ಸ್ಕೂಟರ್ ದೂಕಿದ್ರರ ಹೋಗ್ತೈತಿ, ಯವ್ವಾ."

ನಗಾಡಿದೆ, ಆದರೆ ಒಳಗೆ ಹೆದರಿದ್ದೆ. ಎರಡು ದಿನದ ಹಿಂದೆ, ಸುಡು ಮಧ್ಯಾಹ್ನ, ಊಟ ಮಾಡಿ ಬೇವಿನ ನೆರಳಲ್ಲಿ ಒರಗಿದವನಿಗೆ ಜೋಂಪು ಹತ್ತಿತ್ತು. ನೀರಿನೊಳಗೆ ತೇಲುತ್ತಿರುವಂಥ ಕನಸು. ಎಚ್ಚರವಾದಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಫ್ರಿಜ್‌ಗಳ ಸದ್ದು ನಿಂತಿತ್ತು. ಲೈಟ್ ಹೋದರೆ ಜನರೇಟರ್ ಹಾಕುವುದು ನನ್ನ ಕೆಲಸ. ಓಡಿಹೋಗಿ ಹಾಕಿದೆ. ಆಕೆಯ ಮಾಲು, ಅಂದರೆ ಪ್ರೋಟೀನ್ ತುಂಬಿದ ಇ. ಕೋಲಿಯ ಶೀಶೆಗಳು, ಇಟ್ಟಿದ್ದ ಐಸ್ ನೀರಾಗಿತ್ತು. ಯಾರಿಗೂ ಹೇಳಲಿಲ್ಲ.

ಆಕೆ ಅದೇ ಮಾಲಿನಿಂದ ಮತ್ತೆ ಹೊಸ ಜೆಲ್ ಮಾಡಿದಳು. ಪಟ್ಟಿ ಅದೇ ಜಾಗದಲ್ಲಿ ಬಂತು. ಇನ್ನೊಮ್ಮೆ ಮಾಡಿದಳು, ಅಲ್ಲಿಯೇ. ಸಾಹೇಬರ ಸಹನೆ ತೀರಿತು. ಇಬ್ಬರನ್ನೂ ಕರೆದರು.

"ಥಂಡಿ ಸಿಗದೇ ಮಾಲು ಕೆಟ್ಟೈತಿ. ಖರೇ ಹೇಳ್ರಿ ಕಾಕಾ, ಹೊರಗ ಬಿಟ್ಟಾವ್ರು ಯಾರು?"

"ಆಕಿನ ಬಿಟ್ಟಿದ್ಲ್ರಿ ಸಾಹೇಬ. ನಾ ಒಳಗ ಎತ್ತಿಟ್ಟೆ."

ಬಾಯಿಂದ ಬಂದುಬಿಟ್ಟಿತು. ಆಕೆ ನನ್ನನ್ನೇ ನೋಡಿದಳು.

"ನಾ ಬಿಟ್ಟಿಲ್ರಿ ಸರ್. ಕೆಟ್ಟಿದ್ರ ಚೂರುಚೂರಾಗಿ ಜೆಲ್ ತುಂಬ ಹರಡ್ತಿತ್ತು. ಇದು ಹರಡೂದೇ ಇಲ್ಲ, ಒಂದೇ ಜಾಗಾದಾಗ ಗೆರಿ ಕೊರದಂಗ ನಿಂದರ್ತೈತಿ. ಕಾಕಾ, ದಿನಾ ತೊಳಿಯೋರು ನೀವು. ನೀವರ ಹೇಳ್ರಿ."

ಆಕೆಯ ಮಾತು ಸರಿ ಎಂದು ನನ್ನ ಕಣ್ಣಿಗೆ ಗೊತ್ತಿತ್ತು. ನಾನು ಬೆರಳಿಗೆ ಅಂಟಿದ ನೀಲಿಯನ್ನು ಉಜ್ಜುತ್ತ ನಿಂತೆ. ಆ ವಾರವೇ ಆಕೆಯನ್ನು ಕೆಲಸದಿಂದ ತೆಗೆದರು.

ಮಳೆಗಾಲದಲ್ಲಿ ಪುಣೆಯಿಂದ ಸಾಹೇಬರ ಗೆಳೆಯರೊಬ್ಬರು, ವಿಜ್ಞಾನಿ, ಬಂದರು. ಜೀನಿನ ಅಕ್ಷರಗಳನ್ನು ಓದುತ್ತ ನಡುವೆ ಒಂದು ಕಡೆ ಬೆರಳಿಟ್ಟರು. ಅವರು ಹೇಳಿದ್ದು ನನಗೆ ತಿಳಿದಷ್ಟು ಹೀಗೆ. ಜೀನಿನ ಸಂದೇಶವನ್ನು ಮೂರು ಮೂರು ಅಕ್ಷರಗಳಾಗಿ ಓದುತ್ತಾರೆ, ಆ ಮೂರಕ್ಕೆ ಕೋಡಾನ್ ಎಂದು ಹೆಸರು. ಪ್ರತಿ ಕೋಡಾನಿಗೂ ಅದರ ಅಮೈನೊ ಆಮ್ಲವನ್ನು ಹೊತ್ತು ತರುವ ಟ್ರಾನ್ಸ್‌ಫರ್ ಆರ್‌ಎನ್‌ಎ ಇರುತ್ತದೆ, ನಮ್ಮ ನವಿ ಪೇಠ ಮಾರುಕಟ್ಟೆಯ ಹಮಾಲರು ಅಂಗಡಿ ಅಂಗಡಿಗೆ ಗಂಟು ಇಳಿಸಿದ ಹಾಗೆ. ಯುಜಿಎ ಎಂಬ ಕೋಡಾನಿಗೆ ಸಾಮಾನ್ಯವಾಗಿ ಹಮಾಲನಿಲ್ಲ. ಅದು ಸ್ಟಾಪ್ ಕೋಡಾನ್, ಪ್ರೋಟೀನ್ ಅಲ್ಲಿಗೆ ಮುಗಿಯಿತು. ಆದರೆ ಮೈಕೊಪ್ಲಾಸ್ಮಾದಲ್ಲಿ ಅದಕ್ಕೂ ಒಬ್ಬ ವಿಶೇಷ ಹಮಾಲನಿದ್ದಾನೆ. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ತಂದಿಳಿಸುತ್ತಾನೆ, ಕೆಲಸ ಮುಂದೆ ಸಾಗುತ್ತದೆ. ಇ. ಕೋಲಿಯಲ್ಲಿ ಅವನಿಲ್ಲದ ಕಾರಣ ನಮ್ಮ ಪ್ರೋಟೀನ್ ನಡುವೆಯೇ ನಿಂತಿತ್ತು.

ಅಂದರೆ ಏನೂ ಕೆಟ್ಟಿರಲಿಲ್ಲ. ನನ್ನ ನಿದ್ದೆಯಿಂದಲೂ ಏನೂ ಆಗಿರಲಿಲ್ಲ. ಇಲ್ಲದ ತಪ್ಪನ್ನು ಮುಚ್ಚಲು ನಾನು ಸುಳ್ಳು ಹೇಳಿದ್ದೆ.

ಆ ಕೋಡಾನಿನ ಒಂದು ಅಕ್ಷರ ಬದಲಿಸಿ, ಇ. ಕೋಲಿಯಲ್ಲೂ ಟ್ರಿಪ್ಟೊಫ್ಯಾನ್ ತರುವ ಯುಜಿಜಿ ಮಾಡಿದರು. ಪಟ್ಟಿ ತನ್ನ ಜಾಗದಲ್ಲಿ ಮೂಡಿತು. ಸಾಹೇಬರು ಅದನ್ನು ಬಹಳ ಹೊತ್ತು ನೋಡಿದರು.

"ಹುಡುಗಿ ಹೇಳಿದ್ದು ಖರೇ ಇತ್ತು. ವಾಪಸ್ ಕರೀಬಹುದಿತ್ತು. ಆದ್ರ ಮಾಲು ಹೊರಗ ಬಿಡೂ ಮಂದಿ ಮ್ಯಾಲ ಹ್ಯಾಂಗ ಭರೋಸಾ ಇಡೂದ್ರಿ?"

ಆಗಲೂ ನಾನು ಬಾಯಿ ಬಿಡಲಿಲ್ಲ. ನಿವೃತ್ತಿಗೆ ಒಂದೂವರೆ ವರ್ಷ ಉಳಿದಿತ್ತು.

ಮುಂದೆ ಒಂದು ದಿನ ಅಕ್ಕಲಕೋಟದ ಬಸ್ ಸ್ಟ್ಯಾಂಡಿನಲ್ಲಿ ಆಕೆಯೇ ಕೂಗಿ ಮಾತಾಡಿಸಿದಳು. ಅಲ್ಲಿಯ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದಳು.

"ಕಾಕಾ, ಪಟ್ಟಿ ಪೂರಾ ಬಂತೇನ್ರಿ?"

"ಬಂತು."

"ನಾ ಹೇಳಿದ್ದಿಲ್ಲೇನ್ರಿ!" ಎಂದು ಚಿಕ್ಕ ಮಕ್ಕಳಂತೆ ಕುಣಿದಳು. ನಾನು ಬಸ್ ಬಂತು ಎಂದು ಹೇಳಿ ಹತ್ತಿಬಿಟ್ಟೆ. ಅದು ನನ್ನ ಬಸ್ ಆಗಿರಲಿಲ್ಲ.

ಲ್ಯಾಬಿನ ಕೆಲಸ ನನಗೆ ಕಲಿಸಿದ್ದು ಇಷ್ಟು: ಫಲಿತಾಂಶ ವಿಚಿತ್ರವಾಗಿ ಬಂದಾಗ ಮೊದಲು ಅದನ್ನೇ ನೋಡಬೇಕು, ತಪ್ಪು ಹೊರಿಸಲು ಮನುಷ್ಯರನ್ನು ಹುಡುಕಬಾರದು. ಐಸ್ ಕರಗಿದ್ದು ನನ್ನಿಂದ. ಅದನ್ನು ನಾನು ಹೊರಿಸಿದ್ದು ಕಸ್ತೂರಿ ಬೀರಪ್ಪ ಪೂಜಾರಿಯ ಮೇಲೆ.