ತಮ್ಮ ಬಂದಿಳಿದ ಎದುರು ಮನೆ

ಮುಂಬಯಿ ಮುಲುಂಡಿನ ನಮ್ಮ ಬಿಲ್ಡಿಂಗಿನಲ್ಲಿ, ನಮ್ಮ ಎದುರಿನ ಫ್ಲ್ಯಾಟನ್ನು ದಿನದ ಲೆಕ್ಕದಲ್ಲಿ ಹೊರಗಿನವರಿಗೆ ಬಾಡಿಗೆಗೆ ಕೊಡಲು ಶುರು ಮಾಡಿದಾಗ ಮೊದಲು ಜಗಳ ತೆಗೆದವಳು ನಾನೇ. ಅದರ ಯಜಮಾನರು ಪುಣೆಗೆ ಹೋಗಿ ನೆಲೆಸಿದ್ದರು. ಬುಕಿಂಗ್ ಎಲ್ಲ ಫೋನಿನಲ್ಲಿ. ಬಾಗಿಲಿಗೆ ನಂಬರ್ ಒತ್ತಿ ತೆಗೆಯುವ ಬೀಗ. ನಂಬರ್ ಮರೆತವರು ನಮ್ಮ ಬೆಲ್ ಒತ್ತುತ್ತಿದ್ದರು. ಹಸಿ ಕಸ, ಒಣ ಕಸ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ ನಮ್ಮ ಹೊಸಿಲ ಪಕ್ಕ ಇಟ್ಟು ಹೋಗುತ್ತಿದ್ದರು. ಒಂದು ಮಧ್ಯಾಹ್ನ ಒಬ್ಬ ಟವೆಲ್ ಸುತ್ತಿಕೊಂಡೇ ಬಂದು, ನಲ್ಲಿಯಲ್ಲಿ ನೀರು ಯಾಕಿಲ್ಲ ಎಂದು ನನ್ನನ್ನು ಗದರಿಸಿದ. ಬೆಳಗ್ಗೆಯಿಂದ ನಲ್ಲಿ ತೆರೆದಿಟ್ಟು ಟ್ಯಾಂಕ್ ಖಾಲಿ ಮಾಡಿದವನು ಅವನೇ. ನನ್ನ ಪಿತ್ತ ನೆತ್ತಿಗೇರಿತು.

ಭಾನುವಾರ ಸೊಸೈಟಿಯ ಮೀಟಿಂಗ್ ಇತ್ತು. ಆ ವ್ಯವಹಾರ ಬಂದ್ ಮಾಡಿಸಿಯೇ ಸಿದ್ಧ ಎಂದು ಟೊಂಕ ಕಟ್ಟಿ, ಮನೆ ಮನೆಯ ಬಾಗಿಲು ತಟ್ಟಿ ಎಲ್ಲರನ್ನೂ ಒಪ್ಪಿಸಿದೆ. ಆ ಫ್ಲ್ಯಾಟ್ ಗುಡಿಸಿ ಒರೆಸುವ ಹೆಂಗಸು, ತನ್ನ ಕೆಲಸ ಹೋಗುತ್ತದೆ ಎಂದು ಮುಖ ಸಣ್ಣ ಮಾಡಿದಳು. ಬೇರೆ ಮನೆ ಹುಡುಕಿ ಕೊಡುತ್ತೇನೆ ಎಂದು ಅವಳ ಬಾಯಿಯನ್ನೂ ಮುಚ್ಚಿಸಿದೆ.

ನನ್ನ ಸಿಟ್ಟು ಬರೀ ಕಸದ್ದಲ್ಲ. ಉಡುಪಿ ಕಡೆಯಿಂದ ಬಂದ ನಮ್ಮವರು ಯಾರೂ ಮುಂಬಯಿಯಲ್ಲಿ ದುಡ್ಡು ಕೊಟ್ಟು ಮಲಗಬಾರದು ಎಂಬುದು ನನ್ನ ಹಟ. ನನ್ನ ಗಂಡ ಪಕ್ಕದ ಭಾಂಡುಪಿನ ಹೋಟೆಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಕಾಲದಿಂದಲೂ ಇಂಟರ್‌ವ್ಯೂಗೆ ಬಂದವರು, ಮದುವೆಗೆ ಬಂದವರು, ಡಾಕ್ಟರಿಗೆ ತೋರಿಸಲು ಬಂದವರು ಎಲ್ಲರೂ ನಮ್ಮ ಹಾಲ್‌ನಲ್ಲೇ ಸಾಲಾಗಿ ಮಲಗಿದ್ದಾರೆ. ಇರುವ ಒಂದು ಬೆಡ್‌ರೂಮ್ ಮಗ, ಸೊಸೆಗೆ. ಬಂದವರ ಜೊತೆ ನಾವೂ ನೆಲದ ಮೇಲೆಯೇ. ಆದರೆ ನನ್ನ ಒಬ್ಬನೇ ತಮ್ಮ ಕೆಲವು ವರ್ಷಗಳಿಂದ ಬಂದಿರಲಿಲ್ಲ. ಕರೆದರೆ ಏನಾದರೊಂದು ನೆಪ. ನನ್ನ ಮೇಲೆ ಏನು ಬೇಸರವೋ ಎಂದು ಒಳಗೊಳಗೇ ಕೊರಗುತ್ತಿದ್ದೆ.

ಮೀಟಿಂಗಿನ ಹಿಂದಿನ ದಿನ ಬೆಳಗ್ಗೆ ಎದುರು ಬಾಗಿಲ ಬೀಗ ಕೀ ಕೀ ಎಂದಿತು. ಇವತ್ತು ಬಂದವರಿಗೆ ಕಸದ ಪಾಠ ಮೊದಲೇ ಮಾಡಿಬಿಡೋಣ ಎಂದು ಹೊರಗೆ ಬಂದೆ. ಬೀಗದ ಮೇಲೆ ಬಗ್ಗಿದ್ದವನ ಬೆನ್ನು ನೋಡಿದ ಕೂಡಲೇ ಗೊತ್ತಾಯಿತು, ನನ್ನ ತಮ್ಮ. ಪಕ್ಕದಲ್ಲಿ ಅವನ ಹೆಂಡತಿ ಗೋಡೆ ಹಿಡಿದು ನಿಂತಿದ್ದಳು.

"ಎಂತದಾ ಇದು?" ಎಂದೆ.

ಅವನು ಬೆಚ್ಚಿ ತಿರುಗಿದ. "ಅಕ್ಕ, ಭಾಂಡುಪಲ್ಲಿ ಇವಳ ಕಡೆಯ ಮದುವೆ ಉಂಟು. ಮಗಳು ಬುಕ್ ಮಾಡಿದ್ದು. ನಿನ್ನ ಬಿಲ್ಡಿಂಗ್ ಅಂತ ಗೊತ್ತಿತ್ತು, ಎದುರು ಬಾಗಿಲೇ ಅಂತ ದೇವರಾಣೆ ಇಲ್ಲಿ ಬಂದ ಮೇಲೇ ಗೊತ್ತಾದ್ದು. ಸ್ನಾನ ಮಾಡಿ ನಿನ್ನಲ್ಲಿಗೇ ಬರುವವರಿದ್ದೆವು."

"ಅಕ್ಕನ ಮನೆಯ ಎದುರು ಬಾಡಿಗೆ ಕೊಟ್ಟು ಮಲಗ್ಲಿಕ್ಕೆ ನಾನೆಂತ ಸತ್ತಿದ್ದೇನಾ?" ಎಂದು ಅವನ ಬ್ಯಾಗನ್ನು ದರದರ ಎಳೆದುಕೊಂಡು ನಮ್ಮ ಮನೆಗೆ ನಡೆದೆ. ಅವನು ತಡೆಯಲಿಲ್ಲ. ತಡೆದದ್ದು ಅವನ ಹೆಂಡತಿ.

"ಅತ್ತಿಗೆ, ಬೇಜಾರು ಮಾಡ್ಬೇಡಿ. ಅವರನ್ನು ಬೈಬೇಡಿ, ಬೇಡ ಅಂದದ್ದು ನಾನು," ಎಂದಳು. "ನಂಗೆ ಕೆಳಗೆ ಮಲಗಿದ್ರೆ ಏಳ್ಲಿಕ್ಕೆ ಆಗುದಿಲ್ಲ, ಮೊಣಕಾಲು ಹಾಗೆ ಆಗಿದೆ. ಮತ್ತೆ ರಾತ್ರಿ ಬಾತ್‌ರೂಮಿಗೆ ಹೋಗ್ಬೇಕಾದ್ರೆ ಗಂಡಸರ ಕಾಲು ದಾಟಿ ಹೋಗ್ಬೇಕಲ್ಲ. ಹೋದ ಸಲ ಇಲ್ಲಿದ್ದಾಗ ಸಂಜೆಯಿಂದಲೇ ನೀರು ಕುಡಿಯುದು ಬಿಟ್ಟಿದ್ದೆ."

ನಾನು ಅವಳಿಗೆ ಬಂಗುಡೆ ಮೀನಿನ ಗಸಿ ಬಡಿಸಿದ್ದೆ, ಸೀರೆ ಕೊಟ್ಟಿದ್ದೆ, ಇನ್ನೆರಡು ದಿನ ಇರು ಎಂದು ಹಟ ಹಿಡಿದಿದ್ದೆ. ಅವಳು ಬಾಯಾರಿಕೊಂಡು ಮಲಗುತ್ತಿದ್ದಳು. ಬ್ಯಾಗನ್ನು ನಾನೇ ತಿರುಗಿ ಎದುರು ಮನೆಗೆ ಒಯ್ದಿಟ್ಟೆ. ಊಟ ತಿಂಡಿ ಮಾತ್ರ ನಮ್ಮಲ್ಲಿ, ಅದರಲ್ಲಿ ಎರಡು ಮಾತಿಲ್ಲ ಎಂದೆ. ಆ ಮೂರು ದಿನ ಅವಳು ನಮ್ಮ ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಕೂತು ಮನಸ್ಸು ಬಿಚ್ಚಿ ನಕ್ಕಳು. ಮದುವೆಯಾಗಿ ಇಷ್ಟು ಕಾಲಕ್ಕೆ ಅವಳು ನನ್ನೊಡನೆ ಅಷ್ಟು ಮಾತಾಡಿದ್ದು ಅದೇ ಮೊದಲು.

ಭಾನುವಾರ ಸೆಕ್ರೆಟರಿ ಮೊದಲು ನನ್ನನ್ನೇ ಮಾತಾಡಲು ಕರೆದರು. ನಮ್ಮ ಮೀಟಿಂಗಿನ ಭಾಷೆ ಅರ್ಧ ಮರಾಠಿ, ಅರ್ಧ ಹಿಂದಿ. ಎದ್ದು ನಿಂತು, "ಬಂದ್ ಮಾಡುವುದು ಬೇಡ. ಆದರೆ ಈಗಿನ ಹಾಗೆ ನಡೆಯುವುದೂ ಬೇಡ," ಎಂದೆ. ಬರುವವರ ಹೆಸರು ಮೊದಲೇ ವಾಚ್‌ಮನ್ ಕೈಗೆ ಬರಬೇಕು, ಟ್ಯಾಂಕರ್ ನೀರಿನ ಖರ್ಚು ಯಜಮಾನರದ್ದು, ಕುಡಿದು ಕುಣಿಯುವವರಿಗೆ ಜಾಗವಿಲ್ಲ, ಕಸ ನಮ್ಮ ಹೊಸಿಲಿಗೆ ಬಂದರೆ ಮಾರನೇ ದಿನವೇ ಬೀಗ ಹಾಕಿಸುವವಳು ನಾನು.

ಹಿಂದಿನ ಸಾಲಿನಲ್ಲಿ ಒಬ್ಬರು ನಕ್ಕರು. "ತಮ್ಮ ಬಂದಿಳಿದನಂತೆ. ಅದಕ್ಕೇ ಪಲ್ಟಿ!"

"ಹೌದು, ಅದಕ್ಕೇ," ಎಂದೆ. "ನಿಮ್ಮ ತಂಗಿ ನಿಮ್ಮ ಮನೆಯಲ್ಲಿ ಕೊನೆಗೆ ಯಾವಾಗ ಉಳಿದುಕೊಂಡಿದ್ದು? ಯಾಕೆ ಬರುತ್ತಿಲ್ಲ ಎಂದು ಕೇಳಿದ್ದೀರಾ?"

ಗಲಾಟೆ ಆಯಿತು, ಕೆಲವರು ನನ್ನ ಮೇಲೆ ಮುನಿಸಿಕೊಂಡೂ ಹೋದರು. ನಾನು ಬಗ್ಗಲಿಲ್ಲ. ಷರತ್ತುಗಳ ಮೇಲೆ ಆ ಫ್ಲ್ಯಾಟ್ ಉಳಿಯಿತು.

ಮೊನ್ನೆ ತಮ್ಮ ಫೋನ್ ಮಾಡಿದ, ದೀಪಾವಳಿಗೆ ಬರಬೇಕೆಂದಿದ್ದಾನಂತೆ. ಮೊದಲೆಲ್ಲ ಬರುವ ಮುಂಚೆ, "ಅಕ್ಕ, ನೀನು ಮನೆಯಲ್ಲಿ ಇರ್ತಿಯಲ್ಲಾ?" ಎಂದು ಕೇಳುತ್ತಿದ್ದ. ಈ ಸಲ, "ಅಕ್ಕ, ಎದುರಿನದ್ದು ಖಾಲಿ ಉಂಟಾ?" ಎಂದು ಕೇಳಿದ. ಸುಳ್ಳು ಯಾಕೆ ಹೇಳಲಿ, ಆ ಮಾತು ಚುಚ್ಚಿತು.

"ಉಂಟು," ಎಂದೆ. "ಬಾ."