ಬಸ್ಸಿನಲ್ಲಿ ಸಿಕ್ಕ ನೆಂಟರು

ಎಪ್ಪತ್ತರ ದಶಕದ ಮಾತು. ಮದ್ದೂರಿನಲ್ಲಿ ಮಳವಳ್ಳಿ ಬಸ್ಸು ಹತ್ತಿದ ಹಿರಿಯರನ್ನು ನೋಡಿದ್ದೇ, ನನ್ನ ಪಕ್ಕ ಕೂತಿದ್ದ ನಮ್ಮೂರು ಪೂರಿಗಾಲಿಯ ತಾಯಮ್ಮ ಮಗುವನ್ನು ತೊಡೆಗೆ ಎಳೆದುಕೊಂಡು ಜಾಗ ಮಾಡಿದಳು. “ನಮ್ ಚಿಕ್ಕಪ್ಪನ ಮಗನ ಮದ್ವೇಲಿ ಧಾರೆ ಎರೆದೋರು ನೀವೇ ಅಲ್ವಾ? ಕೂತ್ಕಳಿ ಬನ್ನಣ್ಣ.”

ಅವರು ನೆಂಟರಲ್ಲ. ಇಪ್ಪತ್ತು ವರ್ಷಗಳಿಂದ ಸಿನಿಮಾಗಳಲ್ಲಿ ಅಪ್ಪ, ಶಾನುಭೋಗ, ಡಾಕ್ಟರಾಗಿ ಬಂದುಹೋಗುತ್ತಿದ್ದ ನಟ. ಅದನ್ನು ಹೇಳಲು ನಾನು ಬಾಯಿ ತೆರೆದೆ. ಅವರು ಕೈಯಲ್ಲೇ ತಡೆದು, “ಇರಬಹುದು ಕಣಮ್ಮ, ಬೇಕಾದಷ್ಟು ಧಾರೆ ಎರೆದಿದ್ದೀನಿ” ಎಂದು ಕೂತರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ, “ಹೀರೋ ಬಂದಿದ್ದರೆ ಬಸ್ಸೇ ನಿಂತುಹೋಗ್ತಿತ್ತು. ನನಗೆ ಸೀಟು ಸಿಕ್ತು” ಎಂದರು.

ಮುಂದಿನ ವಾರ ಮಳವಳ್ಳಿಯ ಟೆಂಟ್ ಸಿನಿಮಾದಲ್ಲಿ ಹೀರೋ ಬಂದಾಗ ಎಲ್ಲರಂತೆ ನಾನೂ ಸಿಳ್ಳೆ ಹೊಡೆದೆ. ಅವನ ಅಪ್ಪನಾಗಿ ಇವರು ತೆರೆಗೆ ಬಂದಾಗ, ನನಗೇ ಗೊತ್ತಿಲ್ಲದೆ ಬೆಂಚಿನಲ್ಲಿ ಒಂದಿಷ್ಟು ಸರಿದು ಜಾಗ ಮಾಡಿದ್ದೆ.